ಗುಡ್ಡದಲ್ಲಿ ಬಿದ್ದ ಟಗರನ್ನು ರಸ್ತೆಗೆ ಇಳಿಸುವುದು ಹೇಗೆ

ಚಿತ್ರದುರ್ಗ, ಹೊಳಲ್ಕೆರೆ, ಮೊಳಕಾಲ್ಮುರು, ಜಗಳೂರು ಕಡೆಯ ಗುಡ್ಡಗಳಲ್ಲಿ ಕುರಿ ಮೇಯಿಸುವವರಿಗೆ ಬಂಡೆ ಸಂದಿಯಲ್ಲಿ ಕಾಲು ಸಿಕ್ಕಿ ಮುರಿದುಕೊಂಡ ಟಗರು, ಹಾಸುಬಂಡೆಯಿಂದ ಜಾರಿ ಸೊಂಟ ಬಿದ್ದ ಕುರಿ ಹೊಸದಲ್ಲ. ಆದರೂ ಪ್ರತಿ ಸಲ ಆಗುವ ತಪ್ಪು ಒಂದೇ. ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಕೋಲಿಗೆ ತಲೆಕೆಳಗಾಗಿ ನೇತುಹಾಕಿ, ಹೊತ್ತು ಮುಳುಗುವುದರೊಳಗೆ ಇಳಿಯಬೇಕೆಂದು ಓಡುತ್ತಾರೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿ ಟಗರು ಸತ್ತಿರುತ್ತದೆ. ಹೊತ್ತವರಲ್ಲಿ ಒಬ್ಬರ ಕಾಲು ಉಳುಕಿರುತ್ತದೆ. ಸತ್ತ ಮೇಲೆ ಕೊಯ್ದ ಮಾಂಸ ತಿನ್ನಲು ಯೋಗ್ಯವಲ್ಲ. ಮೂರೂ ನಷ್ಟ. ಇದನ್ನು ತಪ್ಪಿಸಲು ಹೊರುವ ಬಲಕ್ಕಿಂತ ಮೊದಲು ಬೇಕಾಗಿರುವುದು ತೀರ್ಮಾನ. ಅದಕ್ಕೇ ಈ ಬರಹದಲ್ಲಿ ಎತ್ತುವ ಮಾತಿಗಿಂತ ಮೊದಲು ನೋಡುವ ಮಾತು ಬರುತ್ತದೆ.

ಇಲ್ಲಿ ಹೇಳುತ್ತಿರುವುದು ನಿಮ್ಮ ಸ್ವಂತ ಕುರಿ, ಮೇಕೆ, ದನಗಳ ವಿಷಯ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿಯ ಬೇಟೆ ಅಪರಾಧ. ಸತ್ತು ಬಿದ್ದ ಕಾಡುಹಂದಿ ಕಣ್ಣಿಗೆ ಬಿದ್ದರೂ ಅದನ್ನು ಮುಟ್ಟುವಂತಿಲ್ಲ, ಹೊತ್ತು ತರುವಂತಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ ಮುಂದೆ ಹೋಗಿ.

ಎತ್ತುವ ಮೊದಲು ನೋಡಿ

ಪ್ರಾಣಿಯ ಹತ್ತಿರ ಹೋದ ಕೂಡಲೇ ಎಳೆದು ನಿಲ್ಲಿಸಬೇಡಿ. ಕಣ್ಣಿನ ಮೇಲೆ ಒಂದು ಬಟ್ಟೆ ಹಾಕಿ. ಕುರಿ ಅರ್ಧ ಶಾಂತವಾಗುವುದು ಅದರಿಂದಲೇ. ರಕ್ತ ಹೋಗುತ್ತಿದ್ದರೆ ಮಡಿಸಿದ ಬಟ್ಟೆಯನ್ನು ಗಾಯದ ಮೇಲೆ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಿದರೆ ಕಟ್ಟಿದ ರಕ್ತ ಮತ್ತೆ ಬಿಡುತ್ತದೆ.

ಆಮೇಲೆ ಕಾಲು ನೋಡಿ. ಮುಂಗಾಲಿನ ಮಂಡಿಯ ಕೆಳಗೆ ಅಥವಾ ಹಿಂಗಾಲಿನ ಮಡಿಕೆಯ ಕೆಳಗೆ ಮುರಿದಿದ್ದು, ಮೂಳೆ ಚರ್ಮ ಸೀಳಿ ಹೊರಗೆ ಬಂದಿಲ್ಲದಿದ್ದರೆ ಅದು ವಾಸಿಯಾಗುವ ಕಾಲು. ಸರಿಯಾಗಿ ಪಟ್ಟಿ ಕಟ್ಟಿದ ಕುರಿಯ ಕಾಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಕೂಡಿಕೊಳ್ಳುತ್ತದೆ. ತೊಡೆಯ ಮೂಳೆ, ಸೊಂಟದ ಮೂಳೆಯಾದರೆ ಕಷ್ಟ. ಅದನ್ನು ಪಶುವೈದ್ಯರೇ ಹೇಳಬೇಕು. ಹಿಂಗಾಲು ಎರಡೂ ಸತ್ತಂತೆ ಬಿದ್ದಿದ್ದರೆ ಗೊರಸಿನ ನಡುವಿನ ಚರ್ಮವನ್ನು ಗಟ್ಟಿಯಾಗಿ ಚಿವುಟಿ. ಕಾಲು ಎಳೆದುಕೊಳ್ಳದೆ, ತಲೆ ತಿರುಗಿಸಿ ನೋಡದೆ, ಬಾಲವೂ ಜೋತುಬಿದ್ದಿದ್ದರೆ ಬೆನ್ನುಹುರಿಗೆ ಪೆಟ್ಟಾಗಿದೆ ಎಂದು ಲೆಕ್ಕ. ಇಂಥ ಪ್ರಾಣಿಯನ್ನು ಎರಡು ಗಂಟೆ ಕಲ್ಲುದಾರಿಯಲ್ಲಿ ಕುಲುಕಿಸಿಕೊಂಡು ತರುವುದು ಅದಕ್ಕೆ ಮಾಡುವ ಉಪಕಾರವಲ್ಲ.

ಹೀಗೆ ನೋಡಿದ ಮೇಲೆ ಉಳಿಯುವುದು ಮೂರು ದಾರಿ: ಜೀವಂತ ಇಳಿಸುವುದು, ಅಲ್ಲೇ ಕೊಯ್ದು ಮಾಂಸ ಇಳಿಸುವುದು, ಇಳಿಸದೆ ಅಲ್ಲೇ ಬಿಡುವುದು. ಮೂರನೆಯದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ತಪ್ಪಿದರೆ ಮನುಷ್ಯರ ಜೀವಕ್ಕೆ ಬರುತ್ತದೆ.

ನೀವು ಹೋಗುವಷ್ಟರಲ್ಲಿ ಸತ್ತಿದ್ದ ಪ್ರಾಣಿಯನ್ನು ತಿನ್ನಬಾರದು, ಎಷ್ಟೇ ಬೆಲೆಯ ಟಗರಾಗಿರಲಿ. ಬಿದ್ದ ಗುರುತು ಇಲ್ಲದೆ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ, ದೇಹ ಸೆಟೆಯದೆ ಬೇಗ ಊದಿಕೊಂಡಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಕತ್ತಿ ಹಾಕಬೇಡಿ, ಚರ್ಮ ಸುಲಿಯಬೇಡಿ, ಎಳೆಯಬೇಡಿ. ಹೊಟ್ಟೆ ಸೀಳಿದರೆ ಗಾಳಿ ತಾಗಿ ರೋಗಾಣು ಗಟ್ಟಿ ಬೀಜದ ರೂಪಕ್ಕೆ ತಿರುಗುತ್ತದೆ. ಆ ಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿದು ಅದೇ ಮೇವಿನ ಜಾಗದಲ್ಲಿ ಮತ್ತೆ ಮಂದೆಯನ್ನು ಹಿಡಿಯುತ್ತದೆ. ಇಲಾಖೆಯವರು ಹೇಳುವುದು ಆರು ಅಡಿ ಗುಂಡಿ, ಮೇಲೆ ಕೆಳಗೆ ಸುಣ್ಣ. ನಮ್ಮ ಬಂಡೆ ಗುಡ್ಡದಲ್ಲಿ ಆರು ಅಡಿ ತೋಡುವುದು ಎಲ್ಲ ಕಡೆ ಆಗದ ಕೆಲಸ. ಹಾಗಾಗಿ ಮೇಲೆ ಟಾರ್ಪಾಲು ಮುಚ್ಚಿ, ಸುತ್ತ ಜಾಲಿ ಮುಳ್ಳು ಒಟ್ಟಿ, ನಾಯಿಗಳನ್ನು ದೂರ ಕಟ್ಟಿ, ಪಶುವೈದ್ಯರಿಗೆ ಫೋನು ಮಾಡಿ ಅವರು ಹೇಳಿದಂತೆ ಮಾಡಿ. ಉಳಿದ ಮಂದೆಯನ್ನು ಆ ಜಾಗದಿಂದ ಹೊಡೆದುಕೊಂಡು ಹೋಗಿ.

ಚಿರತೆ ಹಿಡಿದು ಕೊಂದ ಕುರಿಯನ್ನೂ ಜಾಗ ಬದಲಿಸಬೇಡಿ. ಪರಿಹಾರ ಸಿಗುವುದು ಸ್ಥಳದ ಮಹಜರು ಮತ್ತು ಪಶುವೈದ್ಯರ ವರದಿಯ ಮೇಲೆ. ಕತ್ತಿನ ಹಲ್ಲಿನ ಗುರುತು, ಎಳೆದ ಗೆರೆ, ಹೆಜ್ಜೆ, ಕಿವಿಯ ಓಲೆ (ಗುರುತಿನ ಬಿಲ್ಲೆ) ನಾಲ್ಕರ ಫೋಟೋ ತೆಗೆದು 1926ಕ್ಕೆ ತಿಳಿಸಿ. ಸಿಟ್ಟಿಗೆ ಹೆಣಕ್ಕೆ ವಿಷ ಹಾಕುವುದಂತೂ ಕೂಡದು. ಅದು ಅಪರಾಧ, ಮೇಲಾಗಿ ಆ ವಿಷ ಹಟ್ಟಿಯ ನಾಯಿಯಿಂದ ಹದ್ದಿನವರೆಗೆ ಎಲ್ಲವನ್ನೂ ಕೊಲ್ಲುತ್ತದೆ. ಬೇರೆ ಅಪಘಾತದಲ್ಲಿ ಸತ್ತ ಕುರಿ ಮೇಕೆಗಳಿಗೆ ಅನುಗ್ರಹ ಯೋಜನೆಯಡಿ ನೆರವು ಕೇಳುವುದಿದ್ದರೂ ವೈದ್ಯರು ನೋಡುವವರೆಗೆ ಹೂಳಬೇಡಿ.

ದಾರಿ: ಇಳಿಯುವುದೇ ಹತ್ತಿರ ಎಂದೇನಿಲ್ಲ

ಬಿದ್ದ ಜಾಗದಿಂದ ಹಟ್ಟಿ ಕಾಣುತ್ತದೆ ಎಂದ ಮಾತ್ರಕ್ಕೆ ಅದೇ ನೇರದಲ್ಲಿ ಇಳಿಯಬೇಡಿ. ಜೋಗಿಮಟ್ಟಿ ಸಾಲಿನಲ್ಲಿ, ಹಿರಿಯೂರು ಹೊಸದುರ್ಗದ ಹಲವು ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳಿವೆ. ಅವುಗಳ ದೊಡ್ಡ ರೆಕ್ಕೆ ಸಾಗಿಸಲು ಮಾಡಿದ ಮಣ್ಣಿನ ರಸ್ತೆ ನೆತ್ತಿಯವರೆಗೂ ಇರುತ್ತದೆ. ಎರಡು ಗಂಟೆ ಕೊರಕಲಲ್ಲಿ ಇಳಿಯುವುದಕ್ಕಿಂತ ಇಪ್ಪತ್ತು ನಿಮಿಷ ಮೇಲೆ ಹತ್ತಿ ಫ್ಯಾನಿನ ರಸ್ತೆಗೆ ಸೇರುವುದು ಎಷ್ಟೋ ಸಲ ಸುಲಭ. ಅಲ್ಲಿಗೆ ಗೂಡ್ಸ್ ಆಟೋ ಬರಬಹುದೇ, ಗೇಟಿನ ಕಾವಲುಗಾರರು ಬಿಡುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ನೆತ್ತಿಗೆ ಹತ್ತುವುದರಿಂದ ಇನ್ನೊಂದು ಲಾಭ, ಕಣಿವೆಯಲ್ಲಿ ಸಿಗದ ಫೋನ್ ಸಿಗ್ನಲ್ ಅಲ್ಲಿ ಸಿಗುತ್ತದೆ.

ಇಳಿಯಲೇಬೇಕಾದರೆ ಒಬ್ಬರು ಬರಿಗೈಯಲ್ಲಿ ಮುಂದೆ ಹೋಗಿ ದಾರಿ ನೋಡಿ ಬರಲಿ. ಕುರಿ ಇಳಿಯುವ ಕಾಲುದಾರಿಯೆಲ್ಲ ಹೊರೆ ಹೊತ್ತವರಿಗೆ ಆಗುವುದಿಲ್ಲ. ಮೂರು ಜಾಗ ಬಿಡಿ: ಬೇಸಿಗೆಯಲ್ಲಿ ಒಣಗಿದ ಬಾದೆಹುಲ್ಲಿನ ಇಳಿಜಾರು, ಮಳೆಗಾಲದಲ್ಲಿ ಪಾಚಿ ಹಿಡಿದ ಹಾಸುಬಂಡೆ, ಮತ್ತು ಗುಂಡುಕಲ್ಲು ತುಂಬಿದ ಹಳ್ಳದ ಪಾತ್ರ. ಒಣ ಬಾದೆಹುಲ್ಲು ಚಪ್ಪಲಿಯಡಿ ಎಣ್ಣೆಯಂತೆ ಜಾರುತ್ತದೆ. ಹಳ್ಳದ ಪಾತ್ರ ಕಣ್ಣಿಗೆ ಹಾದಿಯಂತೆ ಕಂಡರೂ ಪ್ರತಿ ಕಲ್ಲೂ ಅಲ್ಲಾಡುತ್ತದೆ.

ಹೊತ್ತು ಮುಳುಗಲು ಒಂದು ಗಂಟೆಗಿಂತ ಕಡಿಮೆ ಇದ್ದರೆ, ದಾರಿ ಅದಕ್ಕಿಂತ ಉದ್ದವಿದ್ದರೆ, ಹಸಿ ಮಾಂಸ ಹೊತ್ತು ಒಬ್ಬರೇ ಹೊರಡಬೇಡಿ. ಜೋಗಿಮಟ್ಟಿ ಕಡೆ ಕರಡಿಯೂ ಇದೆ, ಚಿರತೆಯೂ ಇದೆ. ಎರಡೂ ಓಡಾಡುವ ಹೊತ್ತು ಮುಸ್ಸಂಜೆ. ಇಬ್ಬರು ಮೂವರು, ಕೈಯಲ್ಲಿ ಟಾರ್ಚು, ಬಾಯಲ್ಲಿ ಮಾತು ಇರಲಿ. ಕರಡಿ ಮೇಲೆ ಬೀಳುವುದು ಹೆಚ್ಚಾಗಿ ಸದ್ದಿಲ್ಲದೆ ಎದುರಾದಾಗ.

ಹಟ್ಟಿಯಲ್ಲಿ ಕಟ್ಟಿಟ್ಟಿರಬೇಕಾದ ಗಂಟು

ಬೇಸಿಗೆಗೆ ಮೊದಲೇ ಒಂದು ಚೀಲದಲ್ಲಿ ಇವನ್ನು ಹಾಕಿಡಿ: ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ 30 ಮೀಟರ್, ತೆಳ್ಳನೆ ಹುರಿ 10 ಮೀಟರ್, ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಬಿಳಿ ಪಂಚೆ ಮೂರು, ಗಟ್ಟಿ ಗೋಣಿಚೀಲ ನಾಲ್ಕು, 6×9 ಅಡಿಯ ಟಾರ್ಪಾಲು, ಆರು ಇಂಚಿನ ಚೂರಿ ಎರಡು, ಸಾಣೆಕಲ್ಲು ಒಂದು, ಅಗಲ ಪಟ್ಟಿಬಟ್ಟೆ ಎರಡು ಸುರುಳಿ, ಹತ್ತಿ, ರಬ್ಬರ್ ಕೈಗವಸು ಎರಡು ಜೊತೆ, ಸೋಪು. ನೀರು ಬೇರೆ, ಕನಿಷ್ಠ ಐದು ಲೀಟರ್. ಬೋರ್‌ವೆಲ್‌ನಲ್ಲಿ ಉಳಿದ ಒಂದೂವರೆ ಇಂಚಿನ ಪಿವಿಸಿ ಪೈಪು ಅಡಿಯುದ್ದದ ತುಂಡು ಇದ್ದರೆ ಅದನ್ನು ಉದ್ದಕ್ಕೆ ಎರಡು ಸೀಳಿ ಇಟ್ಟುಕೊಳ್ಳಿ. ಮುರಿದ ಕಾಲಿಗೆ ಅದಕ್ಕಿಂತ ಒಳ್ಳೆಯ ದಬ್ಬೆ ಗುಡ್ಡದಲ್ಲಿ ಸಿಗದು.

ಹಳೆಯ ತೆಂಗಿನ ನಾರಿನ ಹಗ್ಗವನ್ನು ಭಾರ ಇಳಿಸಲು ನಂಬಬೇಡಿ. ಮಳೆ ಬಿಸಿಲಿಗೆ ಬಿದ್ದ ನಾರು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪುಡಿಯಾಗಿರುತ್ತದೆ. ಯೂರಿಯಾ ಚೀಲ, ಔಷಧಿ ಡಬ್ಬ ತಂದ ಚೀಲ ಮಾಂಸಕ್ಕೆ ಬೇಡವೇ ಬೇಡ.

ಜೀವಂತ ಇಳಿಸುವುದು

ಮೊದಲು ಕಾಲು ಕಟ್ಟಿ, ಆಮೇಲೆ ಎತ್ತಿ. ಮುರಿದ ಜಾಗಕ್ಕೆ ಹತ್ತಿ ಸುತ್ತಿ, ಮುರಿತದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಒಳಗೊಳ್ಳುವಂತೆ ದಬ್ಬೆ ಇಟ್ಟು ಪಟ್ಟಿ ಸುತ್ತಬೇಕು. ಕೀಲು ಬಿಟ್ಟು ಮುರಿದ ಜಾಗಕ್ಕಷ್ಟೇ ಕಟ್ಟಿದರೆ ಪ್ರತಿ ಹೆಜ್ಜೆಗೂ ಮೂಳೆಯ ತುದಿ ಒಳಗೆ ಮಾಂಸ ಕುಯ್ಯುತ್ತದೆ. ಗೊರಸಿನ ತುದಿ ಕಾಣುವಂತೆ ಬಿಡಿ. ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿ. ತಣ್ಣಗಾಗಿದ್ದರೆ, ಊದಿಕೊಂಡಿದ್ದರೆ ಪಟ್ಟಿ ಬಿಗಿಯಾಗಿದೆ, ಸಡಿಲಿಸಿ.

ಎಲ್ಲಕ್ಕಿಂತ ಮುಖ್ಯ ಹೊಟ್ಟೆಯ ವಿಷಯ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಸದಾ ಗಾಳಿ ಹುಟ್ಟುತ್ತಿರುತ್ತದೆ. ಅದು ತೇಗಿನಲ್ಲಿ ಹೊರಗೆ ಹೋಗಬೇಕು. ಅಂಗಾತ ಮಲಗಿಸಿದರೆ ಅಥವಾ ತಲೆಕೆಳಗೆ ನೇತುಹಾಕಿದರೆ ಅನ್ನನಾಳದ ಬಾಯಿಗೆ ಹೊಟ್ಟೆಯ ನೀರು ಬಂದು ನಿಲ್ಲುತ್ತದೆ, ಗಾಳಿ ಒಳಗೇ ಉಳಿಯುತ್ತದೆ. ಉಬ್ಬಿದ ಹೊಟ್ಟೆ ಎದೆಯನ್ನು ಒತ್ತಿ ಉಸಿರು ಕಟ್ಟಿಸುತ್ತದೆ. ಕೋಲಿಗೆ ನೇತುಹಾಕಿ ತಂದ ಕುರಿ ಸಾಯುವುದು ಹೀಗೆ, ಗಾಯದಿಂದಲ್ಲ. ಆದ್ದರಿಂದ ಕುರಿ ತಾನಾಗಿ ಕೂರುವ ಭಂಗಿಯಲ್ಲೇ, ಎದೆ ಕೆಳಗೆ, ಕಾಲು ಮಡಚಿ, ತಲೆ ಎತ್ತರದಲ್ಲಿ ಇರುವಂತೆ ತರಬೇಕು. ಮಗ್ಗುಲು ಮಲಗಿಸಲೇಬೇಕಾದರೆ ಬಲ ಮಗ್ಗುಲು ಕೆಳಗಿರಲಿ, ಎಡ ಮಗ್ಗುಲು ಮೇಲಿರಲಿ. ಮಲಗಿದ ಪ್ರಾಣಿಯ ಬಾಯಿಗೆ ನೀರು, ಎಣ್ಣೆ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಕಂಬಳಿಯೇ ಒಳ್ಳೆಯ ಡೋಲಿ. ಏಳು ಅಡಿಯ ಎರಡು ಹಸಿ ಬಿದಿರು ಬೇಕು, ಹಿಡಿ ತುಂಬುವಷ್ಟು ದಪ್ಪ. ಕಂಬಳಿ ಹಾಸಿ, ಅಗಲದ ಮೂರನೇ ಒಂದು ಪಾಲಿನ ಹತ್ತಿರ ಒಂದು ಬಿದಿರು ಇಟ್ಟು ಆ ಅಂಚನ್ನು ಒಳಗೆ ಮಡಚಿ. ಮಡಚಿದ ಅಂಚಿನ ಮೇಲೆ ಎರಡನೇ ಬಿದಿರು ಇಟ್ಟು ಉಳಿದ ಭಾಗವನ್ನು ಅದರ ಮೇಲೆ ತಿರುಗಿ ಹೊದಿಸಿ. ಹೊಲಿಗೆ, ಗಂಟು ಬೇಡ. ಕುರಿಯ ಭಾರವೇ ಉಣ್ಣೆಯನ್ನು ಉಣ್ಣೆಗೆ ಒತ್ತಿ ಹಿಡಿಯುತ್ತದೆ. ಸೀರೆ, ಟಾರ್ಪಾಲಿನಲ್ಲಿ ಇದು ಆಗದು, ಜಾರುತ್ತದೆ. ಚಳ್ಳಕೆರೆಯ ಒರಟು ಕರಿ ಕಂಬಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಇದೆ. ಇಳಿಯುವಾಗ ಎತ್ತರದವರು ಮುಂದೆ ಇರಲಿ, ಕುರಿಯ ತಲೆ ಹಿಂದಕ್ಕೆ, ಅಂದರೆ ಮೇಲ್ಮುಖಕ್ಕೆ ಇರಲಿ. ಆರೋಗ್ಯವಾಗಿರುವ ಕಾಲುಗಳನ್ನು ಪಟ್ಟಿಬಟ್ಟೆಯಿಂದ ಮಡಚಿದ ಹಾಗೇ ಸಡಿಲವಾಗಿ ಕಟ್ಟಿ. ಮುರಿದ ಕಾಲನ್ನು ಇನ್ನೊಂದು ಕಾಲಿಗೆ ಸೇರಿಸಿ ಕಟ್ಟಬೇಡಿ.

ಬಂಡೆಗಳ ನಡುವೆ ಎರಡು ಬಿದಿರು ತಿರುಗಿಸಲು ಜಾಗ ಇರುವುದಿಲ್ಲ. ಅಲ್ಲಿ ಬಿದಿರು ತೆಗೆದು, ಕಂಬಳಿಯ ನಾಲ್ಕು ಮೂಲೆಯನ್ನು ನಾಲ್ವರು ಹಿಡಿದು ಕೈಯಿಂದ ಕೈಗೆ ದಾಟಿಸಿ. ಹಿಡಿದವರು ನಡೆಯುವುದಿಲ್ಲ, ಪ್ರಾಣಿ ಮಾತ್ರ ಸಾಗುತ್ತದೆ. ನಿಧಾನ, ಆದರೆ ಯಾರೂ ಬೀಳುವುದಿಲ್ಲ.

ಒಬ್ಬರೇ ಇದ್ದರೆ ಹೆಗಲ ಸುತ್ತ ಹಾಕಿಕೊಂಡು ತರಬಹುದಾದದ್ದು 20, 25 ಕಿಲೋವರೆಗಿನ ಮರಿ, ಅದೂ ಹತ್ತು ಹದಿನೈದು ನಿಮಿಷದ ದಾರಿಗೆ. ಹೆಗಲ ಮೇಲೆ ಹೊಟ್ಟೆ ಒತ್ತಿ ಅದಕ್ಕೂ ಉಸಿರು ಕಷ್ಟ. ಗಬ್ಬದ ಕುರಿಯನ್ನು ಹೀಗೆ ತರಲೇಬೇಡಿ. ಪ್ರತಿ ಹತ್ತು ನಿಮಿಷಕ್ಕೆ ನೆರಳಲ್ಲಿ ಇಳಿಸಿ, ಎದೆಯ ಮೇಲೆ ಕೂರಿಸಿ, ಎಡಗಡೆಯ ಹಳ್ಳ ಉಬ್ಬಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡಿ. ತಮಟೆಯಂತೆ ಸದ್ದು ಬಂದರೆ ಮುಂದೆ ಹೋಗಬೇಡಿ. ಮುಂಭಾಗ ಎತ್ತರಕ್ಕೆ ಇಟ್ಟು, ಎಡ ಹೊಟ್ಟೆಯನ್ನು ತಿಕ್ಕುತ್ತ ತೇಗು ಬರುವವರೆಗೆ ಕಾಯಿರಿ.

ಅಲ್ಲೇ ಕೊಯ್ದು ಮಾಂಸ ತರುವುದು

ಇದಕ್ಕೆ ಕೆಲವು ಗಡಿಗಳಿವೆ. ಪ್ರಾಣಿ ಬಿದ್ದದ್ದರಿಂದ ಕೆಟ್ಟಿದೆಯೇ ಹೊರತು ರೋಗದಿಂದಲ್ಲ ಎಂಬುದು ಖಚಿತವಿರಬೇಕು. ಜ್ವರ, ಭೇದಿ, ಮೂಗಿನಲ್ಲಿ ಸಿಂಬಳ ಇದ್ದರೆ ಬೇಡ. ಇತ್ತೀಚೆಗೆ ಚುಚ್ಚುಮದ್ದು, ಜಂತಿನ ಔಷಧಿ ಕೊಡಿಸಿದ್ದರೆ ಬಾಟಲಿಯ ಮೇಲೆ ಬರೆದಿರುವ ಮಾಂಸದ ಗಡುವು, ಅಂದರೆ ಮಾಂಸ ತಿನ್ನಲು ಕಾಯಬೇಕಾದ ದಿನ, ಮುಗಿದಿರಬೇಕು. ಈ ಮಾಂಸ ಮನೆಯ ಬಳಕೆಗೆ ಮಾತ್ರ, ಮಾರಾಟಕ್ಕಲ್ಲ. ಜೋಗಿಮಟ್ಟಿ, ರಂಗಯ್ಯನದುರ್ಗ ಅಭಯಾರಣ್ಯಗಳ ಗಡಿಯೊಳಗೆ ಕೊಯ್ಯುವ ಯೋಚನೆಯನ್ನೇ ಬಿಡಿ. ಅಲ್ಲಿ ಚೂರಿ, ಹಸಿ ಮಾಂಸ ಹಿಡಿದು ಸಿಕ್ಕವರು ಬೇಟೆಯಾಡಿಲ್ಲ ಎಂದು ಸಾಬೀತು ಮಾಡಲು ಒದ್ದಾಡಬೇಕಾಗುತ್ತದೆ. ಬೇರೆ ಕಡೆಯಾದರೂ ತಲೆ, ಕಿವಿಯ ಓಲೆ, ಚರ್ಮ, ಕಾಲು ಮಾಂಸದ ಜೊತೆಗೇ ಇಳಿಯಲಿ. ದಾರಿಯಲ್ಲಿ ಯಾರು ನಿಲ್ಲಿಸಿದರೂ ಇದು ಕುರಿ, ಇದು ನಮ್ಮದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಲೆಕ್ಕ ಹೀಗಿದೆ. 45 ಕಿಲೋ ತೂಗುವ ಟಗರನ್ನು ಹಸನು ಮಾಡಿದರೆ ಮಾಂಸ, ಮೂಳೆ ಸೇರಿ 20ರಿಂದ 22 ಕಿಲೋ. ತಲೆಕಾಲು, ಚರ್ಮ, ಲಿವರ್ ಎಲ್ಲ ಕೂಡಿದರೆ ಇನ್ನು ಎಂಟೊಂಬತ್ತು ಕಿಲೋ. ಉಳಿದದ್ದು ರಕ್ತ, ಹೊಟ್ಟೆಯೊಳಗಿನ ಮೇವು, ಕರುಳು. ಅಂದರೆ ಕುಲುಕಾಡುವ 45 ಕಿಲೋ ಹೊರೆಯೊಂದು ಕೈಕಾಲಿಲ್ಲದ 15 ಕಿಲೋ ಹೊರೆ ಎರಡಾಗುತ್ತದೆ.

ಬೇಸಿಗೆಯಲ್ಲಿ ಇಲ್ಲಿ 38, 40 ಡಿಗ್ರಿ ಬಿಸಿಲು. ಕುರಿಯ ಮೈಯ ಕಾವೂ 39 ಡಿಗ್ರಿ. ಹೊರಗಿನ ಗಾಳಿ ಮಾಂಸವನ್ನು ತಣಿಸುವುದಿಲ್ಲ ಎಂಬುದೇ ಇಲ್ಲಿನ ಕಷ್ಟ. ಕೊಯ್ದದ್ದರಿಂದ ಹಿಡಿದು ಮಂಜುಗಡ್ಡೆಗೆ ಸೇರುವವರೆಗೆ ಮೂರು ಗಂಟೆಯೊಳಗೆ ಮುಗಿಯಬೇಕು. ದಾರಿಯೇ ಮೂರು ಗಂಟೆ ಇದ್ದರೆ ಕೊಯ್ಯಬೇಡಿ, ಜೀವಂತ ಇಳಿಸಿ ರಸ್ತೆ ಹತ್ತಿರ ತೀರ್ಮಾನಿಸಿ. ಹೊತ್ತು ನಿಮ್ಮ ಕೈಯಲ್ಲಿದ್ದರೆ ಬೆಳಗಿನ ಜಾವ ಅಥವಾ ನಾಲ್ಕು ಗಂಟೆಯ ನಂತರ, ನೆರಳಿರುವ ಮರದ ಕೊಂಬೆಯ ಕೆಳಗೆ ಮಾಡಿ.

1. ಕೊಯ್ಯುವುದು. ಉಳಿದ ಕುರಿಗಳ ಕಣ್ಣಿಗೆ ಬೀಳದ ಜಾಗದಲ್ಲಿ, ಮಸೆದ ಚೂರಿಯಿಂದ, ಒಂದೇ ಏಟಿಗೆ. ತಲೆ ಇಳಿಜಾರಿನ ಕಡೆ ಇರಲಿ. ಆರೇಳು ನಿಮಿಷ ರಕ್ತ ಪೂರ್ತಿ ಬಸಿಯಲು ಬಿಡಿ. ಉಳಿದ ರಕ್ತವೇ ಮೊದಲು ಕೆಡುವುದು.

2. ಅನ್ನನಾಳ ಕಟ್ಟುವುದು. ಕತ್ತಿನಲ್ಲಿ ಅನ್ನನಾಳವನ್ನು ಬಿಡಿಸಿ ಹುರಿಯಿಂದ ಬಿಗಿಯಾಗಿ ಕಟ್ಟಿ. ಗುದದ ಸುತ್ತ ಕೊರೆದು ಅಲ್ಲೂ ಹುರಿ ಕಟ್ಟಿ. ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದೇ. ಕಟ್ಟದಿದ್ದರೆ ಹೊಟ್ಟೆ ತೆಗೆಯುವಾಗ ಹಸಿರು ನೀರು, ಹಿಕ್ಕೆ ತೊಡೆಗೆ ಬಳಿಯುತ್ತದೆ, ಮತ್ತೆ ಎಷ್ಟು ಒರೆಸಿದರೂ ಆ ಜಾಗ ಮೊದಲು ಹುಳಿಯಾಗುತ್ತದೆ.

3. ಹಿಂಗಾಲಿನಿಂದ ಕೊಂಬೆಗೆ ನೇತುಹಾಕಿ ಚರ್ಮ ಸುಲಿಯಿರಿ. ಉಣ್ಣೆ ಇರುವ ಚರ್ಮ ಕಂಬಳಿ ಇದ್ದ ಹಾಗೆ, ಒಳಗಿನ ಕಾವನ್ನು ಬಿಡುವುದಿಲ್ಲ. ಚಳಿಗಾಲದ ಬೆಳಗ್ಗೆ, ಅರ್ಧ ಗಂಟೆಯ ದಾರಿಯಾದರೆ ಧೂಳು ನೊಣ ತಡೆಯಲು ಚರ್ಮ ಬಿಟ್ಟು ತರಬಹುದು, ಬೇಸಿಗೆಯಲ್ಲಿ ಸುಲಿಯಲೇಬೇಕು. ಉಣ್ಣೆ ಮುಟ್ಟಿದ ಕೈ ಮಾಂಸ ಮುಟ್ಟಬಾರದು: ಒಂದು ಕೈ ಚರ್ಮಕ್ಕೆ, ಒಂದು ಕೈ ಚೂರಿಗೆ.

4. ಹೊಟ್ಟೆ ತೆಗೆಯುವುದು. ಕೊಯ್ದ ಅರ್ಧ ಗಂಟೆಯೊಳಗೆ ಆಗಬೇಕು. ಚೂರಿಯ ಅಲಗು ಹೊರಮುಖವಾಗಿ, ಎರಡು ಬೆರಳ ನಡುವೆ ಹಿಡಿದು ಮೇಲಿಂದ ಕೆಳಕ್ಕೆ ಸೀಳಿ. ಮೂತ್ರಚೀಲ, ಪಿತ್ತಕೋಶ ಒಡೆಯಬಾರದು. ಒಡೆದರೆ ತಾಗಿದ ಮಾಂಸವನ್ನು ಕತ್ತರಿಸಿ ಎಸೆಯಿರಿ, ತೊಳೆಯಲು ಹೋಗಬೇಡಿ. ತೊಳೆದ ನೀರು ಕೊಳೆಯನ್ನು ಎಲ್ಲ ಕಡೆ ಹರಡುತ್ತದೆ. ಹಳ್ಳದ ನೀರನ್ನಂತೂ ಮಾಂಸಕ್ಕೆ ಹಾಕಲೇಬೇಡಿ. ಹೊತ್ತು ತಂದ ನೀರು ಕೈಗೆ, ಚೂರಿಗೆ ಮಾತ್ರ. ಮಾಂಸಕ್ಕೆ ಒಣ ಬಟ್ಟೆ.

5. ಒಳಗಿನದನ್ನು ನೋಡುವುದು. ಲಿವರಿನಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳಿದ್ದರೆ ಆ ಅಂಗವನ್ನು ತಿನ್ನಬೇಡಿ, ನಾಯಿಗೂ ಹಾಕಬೇಡಿ. ಅದು ಜಂತಿನ ಗುಳ್ಳೆ. ನಾಯಿ ತಿಂದರೆ ಅದರ ಹೊಟ್ಟೆಯಲ್ಲಿ ಹುಳು ಬೆಳೆದು, ಅದರ ಮಲದಿಂದ ಕುರಿಗೂ ಹಟ್ಟಿಯ ಮಕ್ಕಳಿಗೂ ಬರುತ್ತದೆ. ಮಂದೆ ಕಾಯುವ ನಾಯಿಗೆ ಪ್ರೀತಿಯಿಂದ ಹಸಿ ಕರುಳು ಎಸೆಯುವ ರೂಢಿ ಬಿಡಬೇಕಾದದ್ದು ಇದಕ್ಕೇ. ತ್ಯಾಜ್ಯವನ್ನು ಹಳ್ಳ, ಗೋಕಟ್ಟೆಯಿಂದ ದೂರ ಹೂಳಿ ಮೇಲೆ ಕಲ್ಲು ಹೇರಿ. ಹೊಟ್ಟೆಚೀಲ, ಬೋಟಿ ಬೇಕೆನ್ನುವವರು ಮೇವು ಅಲ್ಲೇ ಖಾಲಿ ಮಾಡಿ, ಬೇರೆಯೇ ಚೀಲದಲ್ಲಿ ತರಲಿ.

6. ತುಂಡು ಮಾಡುವುದು. ಮಚ್ಚು ಬೇಡ, ಮೂಳೆ ಚೂರಾಗಿ ಮಾಂಸದಲ್ಲಿ ಸೇರುತ್ತದೆ, ಚೂಪು ತುದಿ ಬಟ್ಟೆ ಹರಿದು ಬೆನ್ನಿಗೆ ಚುಚ್ಚುತ್ತದೆ. ಮುಂಗಾಲಿಗೆ ಮೈಯೊಂದಿಗೆ ಮೂಳೆಯ ಕೀಲೇ ಇಲ್ಲ. ಕಾಲನ್ನು ಹೊರಕ್ಕೆ ಎಳೆದು ಹಿಡಿದು ಪಕ್ಕೆಯ ಮೇಲೆ ಚೂರಿ ಆಡಿಸಿದರೆ ಬಿಟ್ಟುಕೊಳ್ಳುತ್ತದೆ. ಹಿಂತೊಡೆಯನ್ನು ಹಿಂದಕ್ಕೆ ಬಗ್ಗಿಸಿ ಗುಂಡು ಕೀಲು ಹುಡುಕಿ, ಅದರ ನಡುವಿನ ನರ ಕೊಯ್ಯಿರಿ. 21 ಕಿಲೋ ಮಾಂಸದಲ್ಲಿ ಹಿಂತೊಡೆ ಎರಡಕ್ಕೆ ಸುಮಾರು ಏಳು ಕಿಲೋ, ಮುಂಗಾಲು ಎರಡಕ್ಕೆ ನಾಲ್ಕು, ಬೆನ್ನು ಪಕ್ಕೆ ಕುತ್ತಿಗೆ ಸೇರಿ ಹತ್ತು. ಬೆನ್ನಿನ ಭಾಗವನ್ನು ಕೊನೆಯ ಪಕ್ಕೆಲುಬಿನ ಹಿಂದೆ ಎರಡು ಮಾಡಿದರೆ ಹೊರೆ ಸಮವಾಗುತ್ತದೆ.

7. ಆರಿಸಿ ಕಟ್ಟುವುದು. ತುಂಡುಗಳನ್ನು ಒಂದಕ್ಕೊಂದು ತಾಗದಂತೆ ನೆರಳಲ್ಲಿ, ಗಾಳಿಗೆ ಹದಿನೈದು ಇಪ್ಪತ್ತು ನಿಮಿಷ ನೇತುಹಾಕಿ. ಮೇಲ್ಮೈ ಒಣಗಿ ಹಾಳೆಯಂತಾದರೆ ನೊಣ ಕೂತರೂ ಮೊಟ್ಟೆ ನಿಲ್ಲುವುದು ಕಡಿಮೆ. ಆಮೇಲೆ ಪಂಚೆಯಲ್ಲಿ ಸುತ್ತಿ, ಹೊರಗೆ ಗೋಣಿಚೀಲ. ಪ್ಲಾಸ್ಟಿಕ್ ಕವರಿಗೆ ಬಿಸಿ ಮಾಂಸ ತುಂಬಿದರೆ ಬೆವರಿ, ರಸ್ತೆಗೆ ಬರುವಷ್ಟರಲ್ಲಿ ಅಂಟಂಟಾಗಿ ವಾಸನೆ ಹೊಡೆಯುತ್ತದೆ. ಇಷ್ಟೆಲ್ಲ ಮಾಡಿ ಕೊನೆಗೆ ಕವರಿನಲ್ಲಿ ಕೆಡಿಸಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊರೆ, ಹಗ್ಗ, ಇಳಿಜಾರು

ಕಲ್ಲು ಇಳಿಜಾರಿನಲ್ಲಿ ಒಬ್ಬರ ಹೊರೆ ಅವರ ತೂಕದ ಕಾಲು ಭಾಗ ದಾಟದಿರಲಿ. 60 ಕಿಲೋ ಮನುಷ್ಯನಿಗೆ 15 ಕಿಲೋ. ಹತ್ತುವಾಗ ಉಸಿರು ಸೋತು ನಾವೇ ನಿಲ್ಲುತ್ತೇವೆ. ಇಳಿಯುವಾಗ ಉಸಿರು ಸೋಲುವುದಿಲ್ಲ, ತೊಡೆ ಸೋಲುತ್ತದೆ, ಅದು ಗೊತ್ತಾಗುವುದು ಮೊಣಕಾಲು ನಡುಗಿದಾಗ. ಇಪ್ಪತ್ತು ನಿಮಿಷಕ್ಕೆ ಒಮ್ಮೆ ನಿಲ್ಲಿ, ಬೇಕಿರಲಿ ಬಿಡಲಿ. ಹೊರೆ ತಲೆಯ ಮೇಲೆ ಬೇಡ, ಬೆನ್ನಿಗಿರಲಿ. ಗೋಣಿಚೀಲದ ಕೆಳಗಿನ ಎರಡು ಮೂಲೆಗೆ ಒಂದೊಂದು ಸಣ್ಣ ಕಲ್ಲು ಇಟ್ಟು, ಹೊರಗಿನಿಂದ ಹುರಿ ಬಿಗಿದು, ಅದೇ ಹುರಿಯನ್ನು ಚೀಲದ ಬಾಯಿಗೆ ಕಟ್ಟಿದರೆ ಹೆಗಲಪಟ್ಟಿಯಾಗುತ್ತದೆ. ಹುರಿ ಕೊರೆಯದಂತೆ ಹೆಗಲ ಮೇಲೆ ಟವೆಲ್ ಮಡಚಿ ಹಾಕಿ. ಭಾರದ ತುಂಡು ಬೆನ್ನಿಗೆ ಅಂಟಿ, ಮೇಲ್ಭಾಗದಲ್ಲಿ ಇರಲಿ. ಚೂರಿ ಒರೆಯಲ್ಲಿ, ಚೀಲದ ಒಳಗೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯಬೇಡಿ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಖಾಲಿ.

ಇಬ್ಬರು ಅಡ್ಡೆಗೆ ಕಟ್ಟಿ ತರುವುದಾದರೆ ಹೊರೆ ತೂಗಾಡಬಾರದು. ಜೋತುಬಿಟ್ಟ ಹೊರೆ ಪ್ರತಿ ಹೆಜ್ಜೆಗೆ ಪಕ್ಕಕ್ಕೆ ಎಳೆದು, ಕೊನೆಗೆ ಹಿಂದಿನವರನ್ನು ಬೀಳಿಸುತ್ತದೆ. ಕೋಲಿಗೆ ಅಪ್ಪಿಕೊಂಡಂತೆ ಎರಡು ಕಡೆ ಬಿಗಿದು ಕಟ್ಟಿ.

ಬಂಡೆಯ ಅಂಚಿನಿಂದ ಇಳಿಸಬೇಕಾದಾಗ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ; ಭಾರ ಜಾರಿದರೆ ಬೆರಳು ಹೋಗುತ್ತದೆ. ಬೇರು ಗಟ್ಟಿ ಇರುವ ಮರಕ್ಕೆ ಎರಡು ಸುತ್ತು ಹಾಕಿ, ಆ ಕಡೆಯಿಂದ ಸ್ವಲ್ಪಸ್ವಲ್ಪವೇ ಬಿಡಿ. ಎರಡು ಸುತ್ತಿನ ತಿಕ್ಕಾಟ ಒಬ್ಬರ ಕೈಯಲ್ಲೇ 50 ಕಿಲೋ ನಿಲ್ಲಿಸುತ್ತದೆ. ಹಗ್ಗ ಅಂಚಿಗೆ ತಾಗುವಲ್ಲಿ ಮಡಿಸಿದ ಗೋಣಿಚೀಲ ಇಡಿ, ಇಲ್ಲದಿದ್ದರೆ ಕಣಶಿಲೆಯ ಅಂಚು ಗರಗಸದಂತೆ ಕುಯ್ಯುತ್ತದೆ. ಜೀವಂತ ಪ್ರಾಣಿಯಾದರೆ ಕುಣಿಕೆ ಕುತ್ತಿಗೆಗೆ ಬೇಡ: ಮುಂಗಾಲ ಹಿಂದೆ ಎದೆಗೆ ಒಂದು ಗೋಣಿಚೀಲದ ಪಟ್ಟಿ, ಹಿಂಗಾಲ ಮುಂದೆ ಇನ್ನೊಂದು. ಭಾರದ ನೇರ ಕೆಳಗೆ ಯಾರೂ ನಿಲ್ಲಬಾರದು.

ಹುಲ್ಲಿನ ಇಳಿಜಾರಿನಲ್ಲಿ ಗಂಟನ್ನು ಟಾರ್ಪಾಲಿನ ಮೇಲೆ ಎಳೆಯಬಹುದು, ಆದರೆ ಹಿಂದಿನಿಂದ ತಡೆಯುವ ಹಗ್ಗ ಒಂದು ಇರಲೇಬೇಕು. ಮುಂದಿನಿಂದ ಮಾತ್ರ ಎಳೆದರೆ ಗಂಟು ನಿಮ್ಮನ್ನೇ ಹಿಂದಿಕ್ಕಿ ಕಾಲಿಗೆ ಬಡಿಯುತ್ತದೆ.

ದನವಾದರೆ

300 ಕಿಲೋ ಹಸು, 400 ಕಿಲೋ ಎತ್ತನ್ನು ಗುಡ್ಡದಿಂದ ಹೊತ್ತು ತರುವ ಉಪಾಯವಿಲ್ಲ. ವೈದ್ಯರನ್ನೇ ಅಲ್ಲಿಗೆ ಕರೆಸಿ. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಆಂಬುಲೆನ್ಸ್ ರಸ್ತೆಯವರೆಗೆ ಬರುತ್ತದೆ, ಅಲ್ಲಿಂದ ಒಬ್ಬರು ದಾರಿ ತೋರಿಸಿ. ಅಷ್ಟರವರೆಗೆ ನೆರಳು ಕಟ್ಟಿ, ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಮಣ್ಣು ಚೀಲ ಒತ್ತಿಟ್ಟು, ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒಂದೇ ಮಗ್ಗುಲಲ್ಲಿ ಬಿದ್ದರೆ ಕೆಳಗಿನ ಕಾಲಿನ ಮಾಂಸಖಂಡ ಸ್ವಂತ ಭಾರಕ್ಕೇ ಸಾಯುತ್ತದೆ. ಗಾಯ ವಾಸಿಯಾದರೂ ಮತ್ತೆ ಏಳುವುದಿಲ್ಲ. ಬಾಲ ಹಿಡಿದು ಎತ್ತಬೇಡಿ.

ರಸ್ತೆಗೆ ಬಂದ ಮೇಲೆ

ಇಳಿಯುವ ಮೊದಲೇ ಫೋನು ಮಾಡಿ ಗೂಡ್ಸ್ ಆಟೋ, ಐಸು ತರಿಸಿಟ್ಟಿರಬೇಕು. ಎರಡು ಕಿಲೋ ಮಾಂಸಕ್ಕೆ ಒಂದು ಕಿಲೋ ಐಸಿನಂತೆ 20 ಕಿಲೋಗೆ ಹತ್ತು ಕಿಲೋ. ದಾರಿ ಒಂದು ಗಂಟೆಗಿಂತ ಹೆಚ್ಚಾದರೆ ಎರಡರಷ್ಟು. ಮೀನಿನ ಅಂಗಡಿಯ ಥರ್ಮಾಕೋಲ್ ಡಬ್ಬ ಸಾಕು. ಅಡಿಯಲ್ಲಿ ಐಸು, ಮೇಲೆ ಬಟ್ಟೆ ಸುತ್ತಿದ ಮಾಂಸ, ಮತ್ತೆ ಐಸು. ಕೆಳಮೂಲೆಯಲ್ಲಿ ತೂತು ಮಾಡಿ ಕರಗಿದ ನೀರು ಹೋಗಲು ಬಿಡಿ. ಬೈಕಿನಲ್ಲಿ ತರುವವರು ಚೀಲ ಸೈಲೆನ್ಸರ್ ಕಡೆಗೆ ನೇತುಹಾಕಬಾರದು, ಹತ್ತೇ ನಿಮಿಷಕ್ಕೆ ಒಂದು ಮಗ್ಗುಲು ಬೇಯುತ್ತದೆ.

ಜೀವಂತ ಕುರಿಯಾದರೆ ಆಟೋದ ತಗಡಿನ ಮೇಲೆ ಹುಲ್ಲು ಅಥವಾ ಮರಳು ಹಾಸಿ, ಒಬ್ಬರು ಹಿಂದೆ ಕೂತು ತಲೆ ಎತ್ತಿ ಹಿಡಿದಿರಲಿ. ತಾಲ್ಲೂಕು ಪಶು ಆಸ್ಪತ್ರೆಗೆ ಹೊರಡುವ ಮೊದಲು ಬಿದ್ದ ಹೊತ್ತು, ಕೊಟ್ಟ ಔಷಧಿ, ಗಬ್ಬವಿದೆಯೇ ಎಂಬುದನ್ನು ಫೋನಿನಲ್ಲೇ ಹೇಳಿ.

ಹಗ್ಗ, ಕಂಬಳಿ, ಚೂರಿಯನ್ನು ಅದೇ ದಿನ ತೊಳೆದು ಬಿಸಿಲಿಗೆ ಹಾಕಿ. ಕೊಯ್ದವರ ಕೈಗೆ ಗಾಯವಾಗಿದ್ದರೆ ಸೋಪು ನೀರಿನಲ್ಲಿ ಐದು ನಿಮಿಷ ತೊಳೆದು ಟಿಟಿ ಹಾಕಿಸಿಕೊಳ್ಳಿ. ನಾಲ್ಕೈದು ದಿನದಲ್ಲಿ ಆ ಜಾಗದಲ್ಲಿ ನೋವಿಲ್ಲದ ಗುಳ್ಳೆ ಎದ್ದು ನಡುವೆ ಕಪ್ಪಾದರೆ ಕಾಯದೆ ಆಸ್ಪತ್ರೆಗೆ ಹೋಗಿ, ಕುರಿ ಕೊಯ್ದದ್ದನ್ನು ಡಾಕ್ಟರಿಗೆ ಹೇಳಿ.